ಆರನೇ ಮಗ್ಗದ ಕೆಂಪು

ಕೆಲಸ ನಡೆಯುವ ಜಾಗದಲ್ಲೇ ಕೂತು ನೋಡಿ, ಎಲ್ಲಿ ಹೊತ್ತು ಹಾಳಾಗುತ್ತಿದೆ ಎಂದು ತಿಳಿಸುವುದು ನನ್ನ ಹೊಟ್ಟೆಪಾಡು. ಹೇಳಿಕೊಳ್ಳುವುದಂತೂ ಹಾಗೆ. ಸೀರೆ ಮಾಲೀಕರೊಬ್ಬರ ಇಳಕಲ್ಲಿನ ಶೆಡ್ಡಿಗೆ ಮಾತ್ರ ಬಾಗಲಕೋಟೆಯ ಮನೆಯಲ್ಲೇ ಕೂತು ಯೋಜನೆ ಮಾಡಿದೆ. ಆರು ಕೈಮಗ್ಗಕ್ಕೂ ಒಂದೊಂದು ಸೆನ್ಸರ್. ಮಗ್ಗ ನಡೆದರೆ ಮಾಲೀಕರ ಮೊಬೈಲಿನಲ್ಲಿ ಹಸಿರು, ನಿಂತರೆ ಕೆಂಪು.

ಮಾಲೀಕರು ಇರುವುದು ಬಾದಾಮಿಯ ಅಂಗಡಿಯಲ್ಲಿ. ವಾರ ಕಳೆಯುವುದರೊಳಗೆ ಫೋನು ಬಂತು.

"ಏನ್ರಿ ಸರ, ಆ ಆರನೇ ಮಗ್ಗ ಯಾವಾಗ ನೋಡಿದ್ರೂ ಕೆಂಪ ಐತಲ್ರಿ? ಆಕಿ ಏನ್ ನಿದ್ದಿ ಹೊಡಿಯಾಕತ್ತಾಳೇನು? ಬರೋ ವಾರ ಮಗ್ಗ ಬಿಡಿಸ್ತೇನಿ."

ಮರುದಿನ ಬೆಳಿಗ್ಗೆಯೇ ಹುನಗುಂದದ ಮೇಲೆ ಹೋಗುವ ಬಸ್ಸು ಹಿಡಿದು ಆ ಶೆಡ್ಡಿನಲ್ಲಿ ಮೂರು ದಿನ ಕೂತೆ.

ಆರನೇ ಮಗ್ಗದ ನೇಕಾರಳಿಗೆ ಐವತ್ತರ ವಯಸ್ಸು. ನಮ್ಮ ಕಡೆಯ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದಕ್ಕೆ ಹೋಗುವ ಎಳೆಗಳು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಎಳೆಯಾಗಿ ಕೊಂಡಿ ಹಾಕಿ ಜೋಡಿಸಬೇಕು. ಆಕೆ ತನ್ನ ಕೊಂಡಿ ಮುಗಿಸಿ ಮಗ್ಗಕ್ಕೆ ಕೂರುವಷ್ಟರಲ್ಲಿ ಪಕ್ಕದವರು ಕೂಗುತ್ತಿದ್ದರು. ಆಕೆ ಎದ್ದು ಹೋಗಿ ಅವರ ಕೊಂಡಿಗೂ ಕೈ ಹಾಕುತ್ತಿದ್ದಳು. ಮೂರು ದಿನದಲ್ಲಿ ಉಳಿದ ಐದೂ ಮಗ್ಗಗಳಿಗೆ ಆಕೆ ಕೊಂಡಿ ಹಾಕಿದ್ದನ್ನು ಕಣ್ಣಾರೆ ನೋಡಿದೆ. ಅವರ ಹಸಿರೆಲ್ಲ ಈಕೆಯ ಕೈಯದು.

"ಅವ್ರು ಹಾಕಿದ್ದು ಜಾರಿ ಮಗ್ಗ ನಿಲ್ತಾವ್ರಿ ಅಣ್ಣಾರ," ಎಂದಳು ತಲೆ ಎತ್ತದೆ. "ನಾ ಹಾಕಿದ್ದು ಜಾರಂಗಿಲ್ಲ. ಒಂದ ಶೆಡ್ಡಿನಾಗ ಕುಂತು ಇಷ್ಟೂ ಮಾಡ್ಲಿಲ್ಲಂದ್ರ ಹೆಂಗ್ರಿ?"

"ಮಾಲೀಕರಿಗೆ ಹೇಳಬೇಕಿಲ್ಲೇನ್ರಿ ಇದನ್ನ?"

"ಅವ್ರು ಇಲ್ಲಿಗೆ ಬರಬೇಕಲ್ರಿ ಮದಲ."

ಬಾದಾಮಿಗೆ ಹೋಗಿ ಮಾಲೀಕರ ಎದುರು ಕೂತು ಬಿಡಿಸಿ ಹೇಳಿದೆ. ಒಮ್ಮೆ ಶೆಡ್ಡಿಗೆ ಬಂದು ಒಂದು ತಾಸು ಕೂತು ನೋಡಿ ಎಂದು ಅಂಗಲಾಚಿದೆ. ಗಿರಾಕಿಗೆ ಸೀರೆ ಬಿಚ್ಚಿ ತೋರಿಸುತ್ತಲೇ ಕೇಳಿಸಿಕೊಂಡರು.

"ಹಂಗಾರ ತನ್ನ ಕೆಲಸ ಬಿಟ್ಟು ಊರ ಉಸಾಬರಿ ಮಾಡ್ತಾಳಂದಂಗಾತು. ನಿಮ್ಮ ಮಿಷನ್ ಸುಳ್ಳ ಹೇಳಂಗಿಲ್ಲಂತ ನೀವ ಹೇಳಿದ್ರಿ, ಹೌದಲ್ರಿ?"

ಹೌದು, ನಾನೇ ಹೇಳಿದ್ದೆ. ಆ ನಾಲಿಗೆಯನ್ನು ಎಲ್ಲಿಡುವುದು? ಕೊನೆಗೆ ಅವರು ದೊಡ್ಡ ಮನಸ್ಸು ಮಾಡಿದರು. ಇನ್ನು ಮೇಲೆ ಬೇರೆ ಮಗ್ಗ ಮುಟ್ಟದಿದ್ದರೆ ಆಕೆಯ ಮಗ್ಗ ಬಿಡಿಸುವುದಿಲ್ಲವಂತೆ. ಸುದ್ದಿ ಮುಟ್ಟಿಸುವ ಕೆಲಸವೂ ನನ್ನ ಪಾಲಿಗೇ ಬಂತು. ಆಕೆ "ಆತ್ರಿ" ಎಂದಳು, ಅಷ್ಟೇ. ಆಗಲೇ ಕೂಗಿದ್ದ ಪಕ್ಕದ ಮಗ್ಗದವನಿಗೆ ಕೈಸನ್ನೆಯಲ್ಲೇ ಬರುವುದಿಲ್ಲವೆಂದಳು.

ಹದಿನೈದು ದಿನದ ಮೇಲೆ ಮಾಲೀಕರ ಫೋನು. ದನಿಯಲ್ಲಿ ಖುಷಿಯೋ ಖುಷಿ.

"ಸರ, ನಿಮ್ಮ ಮಿಷನ್ ಭಾರಿ ಐತ್ರಿ! ಆಕಿದು ಈಗ ಹಸರ ಹಸರ. ಖರೆ ಮೈಗಳ್ಳರು ಉಳದ ಐದು ಮಂದಿ ನೋಡ್ರಿ, ಎಲ್ಲಾರದೂ ಕೆಂಪ. ಅವರ ಮ್ಯಾಲೊಂದು ರಿಪೋರ್ಟ್ ಬರದು ಕೊಡ್ರಿ."