ಜಗಲಿಯ ಕೊಡ ತುಂಬಿಸಿದವರು

ತಿಂಗಳ ಕೊನೆಯ ಭಾನುವಾರ ಬಂಗಾರಪೇಟೆಯಲ್ಲಿ ಸೇರುವ ನಮ್ಮ ಓದುಗರ ಬಳಗದಲ್ಲಿ ಮೊದಲು ಹನ್ನೊಂದು ಜನರಿದ್ದೆವು. ಯಾರು ಬಂದರು, ಯಾರು ಮಾತಾಡಿದರು ಎಂದು ನಾನು ಡೈರಿಯಲ್ಲಿ ಬರೆದಿಡುತ್ತೇನೆ. ಕಳೆದ ಸಲ ಬಂದವರು ಆರು, ಬಾಯಿ ಬಿಟ್ಟವರು ಇಬ್ಬರು. ಹೀಗೇ ಆದರೆ ನಿಲ್ಲಿಸಿಬಿಡೋಣ ಎಂದರು, ನಮಗೆ ಕೂರಲು ತಮ್ಮ ಮನೆಯ ಹಜಾರ ಕೊಡುವ ನಿವೃತ್ತ ಶಿಕ್ಷಕಿ. ಮುಂದಿನ ಕಾದಂಬರಿಯ ಚರ್ಚೆ ನಡೆಸುವ ಸರದಿ ನನ್ನದಾಗಿತ್ತು.

ಕಾದಂಬರಿಯನ್ನು ಎರಡು ಸಲ ಓದಿದೆ, ಎರಡನೆಯ ಸಲ ಮಾರಿಕುಪ್ಪಂ ರೈಲಿನಲ್ಲಿ ಕೆಲಸಕ್ಕೆ ಹೋಗಿ ಬರುತ್ತಾ. ಇಪ್ಪತ್ತೆರಡು ಅಧ್ಯಾಯಕ್ಕೆ ಇಪ್ಪತ್ತೆರಡು ಪ್ರಶ್ನೆ, ಒಂದೊಂದಕ್ಕೆ ನಾಲ್ಕು ನಿಮಿಷ. ಆದರೂ ಧೈರ್ಯ ಬರಲಿಲ್ಲ. ಚಾಂಪಿಯನ್ ರೀಫ್ಸ್‌ನ ಹಳೆಯ ಗಣಿ ಮನೆಗಳ ನಮ್ಮ ಸಾಲಿನಲ್ಲೇ ಇರುವ ಪಕ್ಕದ ಮನೆಯ ಅಕ್ಕನ ಮುಂದೆ ಕೂತು ಮುಖ್ಯ ಭಾಗಗಳನ್ನು ಓದಿ ಹೇಳಿದೆ. ಅವರಿಗೆ ಓದು ಬಾರದು. ಕೂಲಿಗೆ ತಂದ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೇಳಿಸಿಕೊಂಡರು.

ಕತೆಯಲ್ಲಿ ಹೆಂಡತಿ ಯಾರಿಗೂ ಹೇಳದೆ ಮನೆ ಬಿಡುತ್ತಾಳೆ. ಮೂರು ದಿನದ ಮೇಲೆ ಪರಊರಿನಿಂದ ಬಂದ ಗಂಡ ಜಗಲಿಯಲ್ಲಿ ಆಗಷ್ಟೇ ತುಂಬಿಸಿದ್ದ ಕೊಡದಿಂದ ನೀರು ಕುಡಿದು ಅವಳನ್ನು ಕೂಗುತ್ತಾನೆ. ಆ ಅಧ್ಯಾಯದ ನನ್ನ ಪ್ರಶ್ನೆ ಆ ಕೂಗಿನ ಮೇಲೆಯೇ ಇತ್ತು.

ಅಕ್ಕನ ಕೈ ನಿಂತಿತು. "ಯಾರ್ಗೂ ಏಳ್ದೆ ಮನೆ ಬಿಟ್ಲು ಅಂದ್ಯಲ್ಲಾ. ಮತ್ತೆ ಅವ್ಳ ಕೊಡಕ್ಕೆ ನೀರಿಡಿದೋರು ಯಾರಮ್ಮಾ?"

ನಮ್ಮ ಬೀದಿಯಲ್ಲಿ ನಲ್ಲಿ ನೀರು ಬರುವುದೇ ಅಪರೂಪ. ಊರಿಗೆ ಹೋಗುವವರು ಪಕ್ಕದವರಿಗೆ ಹೇಳಿ, ಕೊಡ ಜಗಲಿಯಲ್ಲಿಟ್ಟು ಹೋಗುತ್ತಾರೆ. ಪಕ್ಕದವರು ತಮ್ಮ ಕೊಡದ ಜೊತೆ ಅದನ್ನೂ ತುಂಬಿಸುತ್ತಾರೆ. ಹಾಗಾದರೆ ಅವಳು ಹೊರಡುವುದು ಒಬ್ಬರಿಗಾದರೂ ಗೊತ್ತಿತ್ತು. ಹುಟ್ಟಿದಾಗಿನಿಂದ ಇದೇ ಬೀದಿಯಲ್ಲಿ ನೀರು ಹಿಡಿದ ನನಗೆ, ಎರಡು ಸಲ ಓದಿದರೂ ಅದು ಕಂಡಿರಲಿಲ್ಲ.

ಭಾನುವಾರ ಅಕ್ಕನ ಪ್ರಶ್ನೆಯನ್ನೇ ಮೊದಲು ಕೇಳಿದೆ, ಅವರದೆಂದು ಹೇಳಿಯೇ. ಎಲ್ಲರೂ ತಲೆ ತಗ್ಗಿಸಿ ಪುಟ ತಿರುಗಿಸತೊಡಗಿದರು. ಮುಗಿಯಿತು ಎಂದುಕೊಂಡೆ. ಆಗ ಕಾಮಸಮುದ್ರದಿಂದ ಬಸ್ಸಿನಲ್ಲಿ ಬರುವ, ಒಂದು ಸಲವೂ ಮಾತಾಡದ ಹೆಂಗಸು, "ಎದುರು ಮನೆ ಮುದುಕಿ ಕಣ್ರೀ," ಎಂದರು.

ಆ ಮುದುಕಿ ಗಂಡನ ಮುಂದೆ ಮನೆ ಬಿಟ್ಟ ಹೆಂಡತಿಯನ್ನು ಬಾಯಿಗೆ ಬಂದಂತೆ ಬೈದವಳಲ್ಲವೇ ಎಂದು ಶಿಕ್ಷಕಿ ಪುಟ ತೆಗೆದು ತೋರಿಸಿದರು.

"ಬೈದಿದ್ದೇ ಅದಕ್ಕೆ ಮೇಡಂ. ಇಲ್ದಿದ್ರೆ ಅವ್ನು ಮೊದ್ಲು ಬಂದು ಕೇಳ್ತಾ ಇದ್ದಿದ್ದು ಆ ಮುದುಕೀನೇ."

ಅಲ್ಲಿಂದ ಎಲ್ಲರೂ ಒಬ್ಬರ ಮೇಲೊಬ್ಬರು ಮಾತಾಡಿದರು. ನನ್ನ ಉಳಿದ ಪ್ರಶ್ನೆಗಳು ಯಾರಿಗೂ ಬೇಕಾಗಲಿಲ್ಲ. ನನ್ನ ರೈಲೂ ತಪ್ಪಿತು. ಅಕ್ಕನ ಉಪಕಾರ ನೆನೆದು ಮನಸ್ಸು ತುಂಬಿತ್ತು.

ನಿಲ್ಲಿಸುವ ಮಾತನ್ನು ಶಿಕ್ಷಕಿ ಎತ್ತಲೇ ಇಲ್ಲ. ಮುಂದಿನ ಪುಸ್ತಕ ಆರಿಸುವಾಗ, ನಿಮ್ಮ ಪಕ್ಕದ ಮನೆಯವರಿಗೆ ಎಂಥ ಕತೆ ಇಷ್ಟ ಎಂದು ನನ್ನನ್ನು ಕೇಳಿದರು. ನನಗೆ ಗೊತ್ತಿರಲಿಲ್ಲ. ಮಾರನೆಯ ದಿನ ಹೋಗಿ ಅಕ್ಕನನ್ನು ಕೇಳಿದೆ.