ಅಕ್ಕ ಹಾಕಿದ ಗಂಟು

ನನ್ನ ಅಕ್ಕನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಪುಂಡಿ ನಾರಿನ ಹಗ್ಗ ಜಗ್ಗಿ ಜಗ್ಗಿ ಹಾಗಾಗಿತ್ತು. ತೋರುಬೆರಳಿನಲ್ಲಿ ಹಗ್ಗ ಕೂರುವ ಜಾಗ ಗಟ್ಟಿಯಾಗಿ, ಹುಣಸೆ ಬೀಜದ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಆ ಕೈಯ ಮೇಲೆ ಒಂದು ಅಪವಾದ ಬಂತು. ನಾನು ಒಂದು ಮಾತು ಆಡಿದ್ದರೆ ಅದು ಅಲ್ಲೇ ಅಳಿಸಿ ಹೋಗುತ್ತಿತ್ತು. ಆಡಲಿಲ್ಲ. ಅವಳು ಇರುವ ತನಕ ಆಡಲಿಲ್ಲ.

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು, ಬರೆದು ರೂಢಿಯಿಲ್ಲ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಕಡೆಗೊಮ್ಮೆ ಬಾಯಿಬಿಟ್ಟು ಹೇಳಿದಾಗ ನಮ್ಮೂರಲ್ಲಿ ಅದನ್ನು ನಂಬಿದವರು ಬಹಳ ಕಡಿಮೆ.

ನಮ್ಮದು ಮೊರಬದ ಆಚೆ ಎರೆಹೊಲದ ಹಳ್ಳಿ. ಅವ್ವ ತೀರಿಕೊಂಡಾಗ ನನಗೆ ಆರು ವರ್ಷ. ಅಕ್ಕನನ್ನು ಅಷ್ಟರಲ್ಲಿ ಕುಬಿಹಾಳಕ್ಕೆ ಕೊಟ್ಟು, ಭಾವ ಹಾವು ಕಡಿದು ಸತ್ತು, ಅವಳು ತವರಿಗೆ ಬಂದಿದ್ದಳು. ಇನ್ನೊಂದು ಮದುವೆ ಮಾಡೋಣವೆಂದು ಅಪ್ಪ ಒಮ್ಮೆ ಮಾತು ತೆಗೆದರೆ, "ಮೊದಲ ಇವಂಗ ಮೀಸಿ ಬರ್ಲಿ, ಆಮ್ಯಾಲೆ ನೋಡೂಣು" ಎಂದು ನನ್ನನ್ನು ತೋರಿಸಿದಳಂತೆ. ನನಗೆ ಮೀಸೆ ಬರುವ ಹೊತ್ತಿಗೆ ಆ ಮಾತು ಎತ್ತುವ ಅಪ್ಪ ಇರಲಿಲ್ಲ. ಅವಳ ಕಿವಿಯ ಮೇಲಿನ ಕೂದಲು ಬೆಳ್ಳಗಾಗತೊಡಗಿತ್ತು.

ಗಂಟು ಹಾಕುವುದರಲ್ಲಿ ಅವಳ ಸರಿಸಮ ಯಾರೂ ಇರಲಿಲ್ಲ. ಜೋಳದ ಕಣಿಕೆ ಹೇರಿದ ಚಕ್ಕಡಿ ಗಾಡಿಗೆ ಅವಳು ಹಗ್ಗ ಬಿಗಿದಳೆಂದರೆ ಹಳ್ಳ ದಾಟಿ ಮನೆ ಮುಟ್ಟುವ ತನಕ ಒಂದು ದಂಟೂ ಉದುರುತ್ತಿರಲಿಲ್ಲ. ಗಂಟು ಹಾಕುವಾಗ ನಾಲಗೆಯ ತುದಿಯನ್ನು ಹಲ್ಲಿನ ಸಂದಿಯಲ್ಲಿ ಹಿಡಿದಿರುತ್ತಿದ್ದಳು. ಮುಗಿದ ಮೇಲೆ ಗಂಟಿನ ತಲೆಗೆ, ತುಂಟ ಹುಡುಗನಿಗೆ ಮೊಟಕಿದ ಹಾಗೆ, ಒಂದು ಸಣ್ಣ ಏಟು. "ಕುಂದ್ರು ಇನ್ನ" ಎಂದು ಗಂಟಿಗೇ ಹೇಳುತ್ತಿದ್ದಳು.

ಊರಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ತೊಟ್ಟಿಲ ಹಗ್ಗವನ್ನು ತೊಲೆಗೆ ಕಟ್ಟಲು ಅಕ್ಕನೇ ಬೇಕು. ಆದರೆ ಗಂಡ ಸತ್ತವಳು ತೊಟ್ಟಿಲಿಗೆ ಹಾಕುವ ಕಾರ್ಯದಲ್ಲಿ ಎದುರಿಗೆ ನಿಲ್ಲುವಂತಿಲ್ಲ. ಅದಕ್ಕೆ ನಸುಕಿನಲ್ಲಿ ಹಿತ್ತಲ ಬಾಗಿಲಿನಿಂದ ಕರೆಯುತ್ತಿದ್ದರು. ಅವಳು ಹೋಗಿ ಕಟ್ಟಿ, ಹಗ್ಗಕ್ಕೆ ತಾನೇ ಜೋತುಬಿದ್ದು ನೋಡಿ, ಮುತ್ತೈದೆಯರು ಬರುವುದರೊಳಗೆ ಮನೆಗೆ ಬಂದುಬಿಡುತ್ತಿದ್ದಳು. ಹಿತ್ತಲಿನಿಂದ ಯಾಕೆ ಹೋಗುತ್ತೀ ಎಂದು ನಾನು ಸಿಟ್ಟು ಮಾಡಿದರೆ ನಗುತ್ತಿದ್ದಳು.

"ಹಾಡು ಅವರ ಹಾಡಲಿ ತಮ್ಮಾ. ಕೂಸು ತೂಗೂದು ನನ್ನ ಗಂಟಿನ ಮ್ಯಾಲೆ."

ಅವಳ ಬದುಕಿನಲ್ಲಿ ಶುಭಕಾರ್ಯವೆಂದು ಉಳಿದಿದ್ದು ಅದೊಂದೇ. ಇದನ್ನು ನಾನು ಅರ್ಥ ಮಾಡಿಕೊಂಡದ್ದು ಅದು ಹೋದ ಮೇಲೆ.

ಗದ್ದಲದ ಜಾಗಕ್ಕೆ ಮಕ್ಕಳನ್ನು ಕರೆದುಕೊಂಡು ಹೋದರೆ ಸೆರಗಿನ ತುದಿಯನ್ನು ಕೂಸಿನ ಉಡದಾರಕ್ಕೆ ಗಂಟು ಹಾಕಿಕೊಳ್ಳುವುದು ಅವಳ ರೂಢಿ. ನನ್ನನ್ನೂ ಹಾಗೆ ಕಟ್ಟಿಕೊಂಡೇ ನವಲಗುಂದದ ಸಂತೆ ತಿರುಗಿದವಳು. ಆ ಗಂಟು ಜಗ್ಗಿದಷ್ಟೂ ಬಿಗಿಯುತ್ತದೆ. ಬಿಚ್ಚಬೇಕಾದರೆ ಗಂಟನ್ನು ಒಳಕ್ಕೆ ನೂಕಿ ಸಣ್ಣ ತುದಿಯನ್ನು ಹಿಂದಕ್ಕೆ ಸರಿಸಬೇಕು. ಅದನ್ನು ಅವಳು ಕಲಿಸಿದ್ದು ನನಗೊಬ್ಬನಿಗೆ.

ನನಗೆ ಮದುವೆಯಾಗಿ ಇಬ್ಬರು ಮಕ್ಕಳಾದರು. ಮಗನಿಗೆ ಆರು ವರ್ಷ, ಮಗಳಿಗೆ ಮೂರು. ಆ ವರ್ಷ ಧಾರವಾಡದ ಕೃಷಿ ಮೇಳಕ್ಕೆ ಮನೆಮಂದಿಯೆಲ್ಲ ಹೊರಟೆವು. ನನಗೆ ಹೊಸ ಬಿತ್ತುವ ಯಂತ್ರ ನೋಡುವುದಿತ್ತು, ಹೆಂಡತಿಗೆ ಹೂವಿನ ಪ್ರದರ್ಶನ. ಅಕ್ಕನಿಗೆ ಏನು ನೋಡುವುದಿತ್ತೋ ನಾವು ಕೇಳಲಿಲ್ಲ. ಅವಳು ಎಲ್ಲರಿಗಿಂತ ಮೊದಲು ಎದ್ದು ರೊಟ್ಟಿ ಬಡಿದು, ಎಣ್ಣೆಗಾಯಿ ಮಾಡಿ, ಮೊಸರನ್ನ ಕಲಸಿ ಬುತ್ತಿ ಕಟ್ಟಿದ್ದಳು.

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಕ್ಕ ತನ್ನ ಸೆರಗಿನ ತುದಿಗೆ ಕಟ್ಟಿಕೊಂಡಿದ್ದ ಮಗಳು ಅತ್ತಿತ್ತ ಎಳೆಯುತ್ತಿದ್ದುದನ್ನು ನೋಡಿ ಕಂಡಕ್ಟರ್, ಆಡಿನ ಮರಿ ಕಟ್ಟಿಕೊಂಡು ಬಂದಿಯೇನವ್ವಾ, ಇದಕ್ಕೂ ಟಿಕೀಟು ಹರಿಯಲೇನು ಎಂದು ಚೇಷ್ಟೆ ಮಾಡಿದ.

"ಆಡಿನ ಮರಿ ಆದ್ರ ಬಿಟ್ರೂ ಮನಿಗೆ ಬರತೈತ್ರಿ" ಎಂದಳು ಅಕ್ಕ. "ಇದು ಅಪ್ಪನ ಹಂಗ. ಕಂಡಕಂಡಲ್ಲೆ ನಿಂದರತೈತಿ."

ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ.

ಮೇಳದಲ್ಲಿ ಅಕ್ಕ ಮಕ್ಕಳಿಗಿಂತ ಹೆಚ್ಚು ಖುಷಿಪಟ್ಟಳು. ಆಳೆತ್ತರದ ಎಮ್ಮೆಯೊಂದರ ಮುಂದೆ ಬಹಳ ಹೊತ್ತು ನಿಂತು, ಇದಕ್ಕೆ ಮೇವು ಹೊತ್ತು ಹಾಕುವುದರಲ್ಲಿ ನಾನು ಅರ್ಧ ಆಗುತ್ತೇನೆ ಎಂದಳು. ಮಾರಾಟಕ್ಕಿಟ್ಟಿದ್ದ ನೈಲಾನ್ ಹಗ್ಗವನ್ನು ಬೆರಳಿನಲ್ಲಿ ತೀಡಿ, ಇದು ಜಾರುಬುದ್ಧಿಯದು ಎಂದು ಬಿಟ್ಟಳು. ಮಧ್ಯಾಹ್ನ ಒಂದು ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿ ಉಂಡೆವು. ಉಂಡ ಮೇಲೆ ಹೆಂಡತಿ ಮಗನನ್ನು ಕರೆದುಕೊಂಡು ಹೂವು ನೋಡಲು ಹೋದಳು, ನಾನು ಟ್ರ್ಯಾಕ್ಟರ್ ಕಡೆ ಹೋದೆ. ಚೀಲಗಳನ್ನೂ ಮಗಳನ್ನೂ ಇಟ್ಟುಕೊಂಡು ಅಕ್ಕ ಮರಕ್ಕೆ ಒರಗಿ ಕುಳಿತಳು.

ಟ್ರ್ಯಾಕ್ಟರ್ ಮಳಿಗೆಯವರು ಮಕ್ಕಳನ್ನು ಹೊಸ ಗಾಡಿಯ ಮೇಲೆ ಕೂರಿಸಿ ಫೋಟೋ ತೆಗೆಯಲು ಬಿಡುತ್ತಿದ್ದರು. ಮಗಳದ್ದೂ ಒಂದು ಇರಲಿ ಎಂದು ನಾನು ಮರದ ಹತ್ತಿರ ಬಂದೆ. ಅಕ್ಕನಿಗೆ ಜೊಂಪು ಹತ್ತಿತ್ತು. ಬಾಯಿ ಸ್ವಲ್ಪ ತೆರೆದಿತ್ತು, ಒಂದು ಕೈ ಕೂಸಿನ ಬೆನ್ನ ಮೇಲೆ ಇತ್ತು. ನಸುಕಿನಲ್ಲಿ ಎದ್ದವಳು, ಮಲಗಲಿ ಎಂದುಕೊಂಡೆ. ಸದ್ದಾಗದಂತೆ ಗಂಟನ್ನು ಒಳಕ್ಕೆ ನೂಕಿ, ಸಣ್ಣ ತುದಿಯನ್ನು ಹಿಂದಕ್ಕೆ ಸರಿಸಿ ಬಿಚ್ಚಿದೆ. ಮಗಳು ಕಿಲಕಿಲ ನಕ್ಕಳು. ಅಕ್ಕ ಏಳಲಿಲ್ಲ.

ಫೋಟೋ ತೆಗೆದೆ. ಅಷ್ಟರಲ್ಲಿ ಶಲವಡಿಯ ಪರಿಚಯದವರೊಬ್ಬರು ಎದುರಾಗಿ, ಅಲ್ಲಿ ಬಿತ್ತುವ ಯಂತ್ರ ನಡೆಸಿ ತೋರಿಸುತ್ತಿದ್ದಾರೆ, ಬೇಗ ಬಾ ಎಂದು ಕರೆದರು. ಬೇವಿನ ಮರ ಅಲ್ಲೇ ಎದುರಿಗೆ ಕಾಣುತ್ತಿತ್ತು. ಮಗಳನ್ನು ಕೆಳಗಿಳಿಸಿ, ಅಕ್ಕನ ಕಡೆ ಕೈ ತೋರಿಸಿ, ಅಕೋ ಅಲ್ಲಿ ಅತ್ತಿ, ಹೋಗು ಎಂದೆ. ಅವಳು ಆ ಕಡೆ ಹೊರಟಳು. ನಾಲ್ಕು ಹೆಜ್ಜೆ ಹೋಗುವುದನ್ನು ನೋಡಿದೆ. ಪೂರ್ತಿ ನೋಡಲಿಲ್ಲ.

ಆಮೇಲೆ ನನಗೆ ಕೇಳಿಸಿದ್ದು ಹೆಂಡತಿಯ ಚೀರಾಟ. ನಾನು ಓಡಿ ಬಂದಾಗ ಅಕ್ಕ ಮರದ ಕೆಳಗೆ ನಿಂತು ತನ್ನ ಸೆರಗಿನ ಬರಿದಾದ ತುದಿಯನ್ನು ತಿರುವಿ ತಿರುವಿ ನೋಡುತ್ತಿದ್ದಳು. ಮೈಕಿನಲ್ಲಿ ಕೂಗಿಸಿದೆವು, ಮಳಿಗೆ ಮಳಿಗೆ ಅಲೆದೆವು. ಕಡೆಗೆ ಪಂಪ್‌ಸೆಟ್ಟುಗಳ ಮಳಿಗೆಯ ಹಿಂದೆ ಯಾರೋ ಮಗಳನ್ನು ಎತ್ತಿಕೊಂಡು ನಿಂತಿದ್ದರು. ತೋರಿಸಲೆಂದು ಚಾಲೂ ಇಟ್ಟಿದ್ದ ಡೀಸೆಲ್ ಇಂಜಿನ್ನಿನ ಹೊಗೆ ಕೊಳವೆಯನ್ನು ಕೂಸು ಎಡಗೈಯಿಂದ ಹಿಡಿದುಬಿಟ್ಟಿತ್ತು. ಅಂಗೈ ಸುಟ್ಟು ಹೋಗಿತ್ತು.

ಆಸ್ಪತ್ರೆಯಲ್ಲಿ ಕೂಸಿನ ಅಳು ಹೊರಗಿನ ತನಕ ಕೇಳುತ್ತಿತ್ತು. ಹೆಂಡತಿ ಅಕ್ಕನ ಕಡೆ ತಿರುಗಿ ಒಂದೇ ಮಾತು ಅಂದಳು.

"ಊರ ಮಂದಿ ತೊಟ್ಲಾ ಕಟ್ಟತೀರಿ. ನಮ್ಮ ಒಂದ ಕೂಸಿನ್ನ ಕಟ್ಟಾಕ ಬರಲಿಲ್ಲೇನ್ರಿ ಅಕ್ಕಾರ?"

ನಾನು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದೆ. ಆಮೇಲೆ ನಳದ ಹತ್ತಿರ ನೀರು ಕುಡಿಯುತ್ತಿದ್ದಾಗ ಅಕ್ಕ ಹಿಂದೆಯೇ ಬಂದಳು. ಅವಳ ಧ್ವನಿಯಲ್ಲಿ ಆರೋಪವಿರಲಿಲ್ಲ. ಕಳೆದ ವಸ್ತು ಎಲ್ಲಾದರೂ ನೋಡಿದ್ದೀಯಾ ಎಂದು ಕೇಳುವ ಹಾಗೆ ಕೇಳಿದಳು.

"ತಮ್ಮಾ, ನನಗ ಜೊಂಪು ಹತ್ತಿದಾಗ ನೀ ಏನರ ಬಂದಿದ್ದೇನು?"

"ಇಲ್ಲಬೇ" ಎಂದೆ. "ನಾ ಯಾಕ ಬರ್ಲಿ?"

ಅವಳು ನನ್ನ ಮುಖವನ್ನು ನೋಡಿದಳು. ಆಮೇಲೆ ತನ್ನ ಕೈಗಳನ್ನು ನೋಡಿಕೊಂಡಳು. "ಹಂಗಾದ್ರ ನಾನ ಸಡ್ಲ ಹಾಕಿರಬೇಕು" ಎಂದಳು.

ಆ ಗಂಟು ತಾನಾಗಿ ಬಿಚ್ಚುವುದಿಲ್ಲವೆಂದು ಈ ಲೋಕದಲ್ಲಿ ಗೊತ್ತಿದ್ದವರು ಇಬ್ಬರೇ. ಒಬ್ಬಳು ಅವಳು, ಇನ್ನೊಬ್ಬ ನಾನು. ಆದರೂ ಅವಳು ತನ್ನ ಕೈಗಿಂತ ನನ್ನ ಮಾತನ್ನು ನಂಬಿದಳು. ಬೆಳೆಸಿದವಳಲ್ಲವೇ. ನಾನು ಅಲ್ಲೇ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಮೊಬೈಲಿನಿಂದ ಟ್ರ್ಯಾಕ್ಟರಿನ ಫೋಟೋ ಅಳಿಸಿದೆ.

ಯಾಕೆ ಹೇಳಲಿಲ್ಲ ಎಂದು ನನ್ನನ್ನು ನಾನೇ ಬಹಳ ಸಲ ಕೇಳಿಕೊಂಡಿದ್ದೇನೆ. ಹೆಂಡತಿಯ ಹೆದರಿಕೆ, ಬೀಗರ ಹೆದರಿಕೆ, ಎಲ್ಲಾ ಇತ್ತು. ಮಗಳ ಕೈ ವಾಸಿಯಾಗಲಿ, ಆಮೇಲೆ ಹೇಳೋಣ ಎಂದುಕೊಂಡಿದ್ದೆ. ಕೈ ಪೂರ್ತಿ ವಾಸಿಯಾಗಲಿಲ್ಲ. ಕೊನೆಯ ಎರಡು ಬೆರಳು ಮಡಚಿಕೊಂಡೇ ಉಳಿದವು. ಆ ಬೆರಳು ನೋಡಿದಾಗೆಲ್ಲ ಹೇಳುವುದು ಇನ್ನಷ್ಟು ಕಷ್ಟವಾಯಿತು.

ಹೆಂಡತಿ ಕೆಟ್ಟವಳಲ್ಲ. ಅವಳಿಗೆ ಗೊತ್ತಿದ್ದ ಸತ್ಯದ ಪ್ರಕಾರ ಅವಳು ನಡೆದುಕೊಂಡಳು. ಮಕ್ಕಳನ್ನು ಅಕ್ಕನ ಹತ್ತಿರ ಬಿಡುವುದನ್ನು ನಿಲ್ಲಿಸಿದಳು. ಅಕ್ಕನ ಜೊತೆ ಮಲಗುತ್ತಿದ್ದ ಮಗಳು ತಾಯಿಯ ಬಾಜೂಕೆ ಬಂದಳು. ಕೆಲವು ದಿನಕ್ಕೆ ಅಕ್ಕ ತನ್ನ ಹಾಸಿಗೆಯನ್ನು ದನದ ಕೊಟ್ಟಿಗೆಯ ಪಕ್ಕದ ಕೋಣೆಗೆ ಒಯ್ದುಕೊಂಡಳು. ಯಾರೂ ಹೋಗು ಎನ್ನಲಿಲ್ಲ, ಯಾರೂ ಬೇಡ ಎನ್ನಲಿಲ್ಲ.

ಮೇಳದ ಸುದ್ದಿ ಊರಲ್ಲಿ ಹಬ್ಬಿದರೂ ಓಣಿಯ ಒಬ್ಬ ಹೆಣ್ಣುಮಗಳು ನಸುಕಿನಲ್ಲಿ ಹಿತ್ತಲಿಗೆ ಬಂದು ತೊಟ್ಟಿಲು ಕಟ್ಟಲು ಕರೆದಳು. ಅಕ್ಕ ಹೊಸ್ತಿಲು ದಾಟಲಿಲ್ಲ.

"ನನ್ನ ಕೈ ಬ್ಯಾಡವ್ವಾ" ಎಂದಳು. "ಈ ಕೈ ಸತ್ತಾವು. ಬ್ಯಾರೆ ಯಾರನ್ನರ ಕರಿ."

ನಾನು ಒಳಗೆ ಹಲ್ಲುಜ್ಜುತ್ತಾ ಅದನ್ನು ಕೇಳಿದೆ. ಬಾಯಲ್ಲಿದ್ದುದನ್ನು ಉಗುಳಿ ಹೊರಗೆ ಹೋಗಿ ಹೇಳಿಬಿಡಬಹುದಿತ್ತು. ಬಾಯಿ ಮುಕ್ಕಳಿಸಿ ಹೊಲಕ್ಕೆ ಹೋದೆ. ಆಮೇಲೆ ಹಿತ್ತಲ ಬಾಗಿಲಿಗೆ ಯಾರೂ ಬರಲಿಲ್ಲ.

ಅವಳಿಗೆ ತನ್ನ ಗಂಟಿನ ಮೇಲೆ ನಂಬಿಕೆ ಹೋಯಿತು. ಕರು ಕಟ್ಟಿ ಒಳಗೆ ಬಂದವಳು ಮತ್ತೆ ಎದ್ದು ಹೋಗಿ ಹಗ್ಗ ಮುಟ್ಟಿ ನೋಡುತ್ತಿದ್ದಳು. ಊಟಕ್ಕೆ ಕುಳಿತವಳು ತುತ್ತು ಬಿಟ್ಟು ಹೋಗುತ್ತಿದ್ದಳು. ಒಂದು ಗಂಟಿನ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಜೋಳದ ಚೀಲದ ಬಾಯಿ ಬಿಚ್ಚಲಾಗದೆ ಹೆಂಡತಿ ಕುಡುಗೋಲಿನಿಂದ ಕೊಯ್ಯುತ್ತಿದ್ದಳು. ಮೊದಲು ನಕ್ಕ ಮಕ್ಕಳು ಆಮೇಲೆ ಸೋದರತ್ತೆಗೆ ಹುಚ್ಚು ಎಂದರು. ನಾನು ಅವರನ್ನು ಗದರಿಸಿದೆ. ಅಷ್ಟೇ ನನ್ನ ಪೌರುಷ. ಮಗಳು ಆ ಮಡಚಿದ ಬೆರಳಿನಿಂದ ರೊಟ್ಟಿ ಹಿಡಿದುಕೊಂಡರೆ ಅಕ್ಕ ತಟ್ಟೆ ಎತ್ತಿಕೊಂಡು ಕೋಣೆಗೆ ಹೋಗುತ್ತಿದ್ದಳು. ವರ್ಷಗಟ್ಟಲೆ ಅವಳು ಒಬ್ಬಳೇ ಉಂಡಳು.

ಹೋದ ವರ್ಷ ಶ್ರಾವಣದಲ್ಲಿ ಅವಳಿಗೆ ಕಾಮಾಲೆಯಾಯಿತು. ಹುಬ್ಬಳ್ಳಿಯ ಆಸ್ಪತ್ರೆಯವರು ತಡವಾಯಿತು ಎಂದು ಮನೆಗೆ ಕಳಿಸಿದರು. ನಾನು ಅವಳ ಕೋಣೆಯಲ್ಲೇ ಕುಳಿತಿರುತ್ತಿದ್ದೆ. ಕಣ್ಣು ಅರಿಶಿನದಂತಾಗಿದ್ದವು. ಎಚ್ಚರವಾದಾಗೆಲ್ಲ ಕರು ಕಟ್ಟಿದ್ದೀರಾ ಎಂದು ಕೇಳುತ್ತಿದ್ದಳು. ಒಂದು ಮಧ್ಯಾಹ್ನ ಅವಳ ಮಾತು ತಿಳಿಯಾಗಿತ್ತು. ನಿನ್ನ ಹೆಂಡತಿ ಯಾವತ್ತಾದರೂ ಸಿಟ್ಟಿನಲ್ಲಿ ನನಗೆ ಏನಾದರೂ ಅಂದಿದ್ದರೆ ಅದನ್ನು ಮನಸ್ಸಿನಲ್ಲಿಟ್ಟು ಕೊರಗಬೇಡವೆಂದು ಅವಳಿಗೆ ಹೇಳು, ತಾಯಿಯ ಕರುಳು ಅದು, ಎಂದಳು. ಕ್ಷಮೆ ಕೇಳಬೇಕಾದವನು ಎದುರಿಗೆ ಕುಳಿತಿದ್ದ, ಅವಳು ಇನ್ನೊಬ್ಬರನ್ನು ಕ್ಷಮಿಸುತ್ತಿದ್ದಳು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಹೆಂಡತಿ ಗಂಜಿ ತಂದಳು. ಬಾಯಿ ಮುಚ್ಚಿಕೊಂಡೆ. ಮಾರನೆಯ ದಿನ ಅಕ್ಕನಿಗೆ ಎಚ್ಚರವಾಗಲಿಲ್ಲ.

ತೀರಿಕೊಂಡ ಅವಳನ್ನು ನಮ್ಮ ಪದ್ಧತಿಯಂತೆ ಪಡಸಾಲೆಯಲ್ಲಿ ವಿಭೂತಿ ಹಚ್ಚಿ ಕೂರಿಸಿದ್ದರು. ಭಜನೆ ನಡೆದಿತ್ತು. ಹೆಂಗಸರು ಒಬ್ಬೊಬ್ಬರಾಗಿ ಬಂದು ಅವಳ ಗುಣ ಹಾಡಿ ಅಳುತ್ತಿದ್ದರು. ಅವರಲ್ಲಿ ಒಬ್ಬ ಮುದುಕಿ, ಎಲ್ಲ ಚಲೋ ಇತ್ತವ್ವಾ, ಆ ಒಂದು ಕೂಸಿನ ವಿಷಯದಲ್ಲಿ ನಿನ್ನ ಕೈ ಹೆಂಗ ತಪ್ಪಿತವ್ವಾ ಎಂದು ರಾಗ ಎಳೆದಳು. ಆಗ ನಾನು ಎದ್ದು ನಿಂತೆ.

ನಾನು ಹೇಳಿದ್ದನ್ನು ಕೇಳಿ ಹಿರಿಯರೊಬ್ಬರು ನನ್ನ ಭುಜ ಹಿಡಿದು ಕೂರಿಸಿದರು. ದುಃಖದಲ್ಲಿ ಮನುಷ್ಯ ಏನೇನೋ ಅನ್ನುತ್ತಾನೆ, ಬೆಳೆಸಿದ ಅಕ್ಕನ ಮೇಲಿನ ಅಪವಾದ ತನ್ನ ಮೇಲೆ ಹಾಕಿಕೊಳ್ಳುತ್ತಿದ್ದಾನೆ, ದೊಡ್ಡ ಮನಸ್ಸು ಎಂದರು. ಭಜನೆಯವರು ಮತ್ತೆ ತಾಳ ಎತ್ತಿಕೊಂಡರು. ಈಗಲೂ ಊರಲ್ಲಿ ನನ್ನನ್ನು ಹಾಗೆಯೇ ಹೊಗಳುತ್ತಾರೆ, ಅದನ್ನು ಕೇಳಿಸಿಕೊಂಡು ನಾನು ಬದುಕಬೇಕು. ಹೆಂಡತಿ ಮಾತ್ರ ಅಳು ನಿಲ್ಲಿಸಿ ನನ್ನನ್ನು ನೋಡಿದಳು, ಅವಳಿಗೆ ತಿಳಿಯಿತು. ಅಂದಿನಿಂದ ಅವಳು ನನ್ನ ಮುಖ ನೋಡಿ ಮಾತಾಡಿಲ್ಲ. ಮಗಳು ಎದ್ದು ಹೋಗಿ ಅತ್ತಿಯ ಪಕ್ಕದಲ್ಲಿ ಕುಳಿತಳು.

ಅಷ್ಟು ಜನರ ಮುಂದೆ, ಕೇಳಬೇಕಾದವಳಿಗೆ ಕೇಳದ ಹೊತ್ತಿನಲ್ಲಿ, ನಾನು ಹೇಳಿದ್ದು ಇಷ್ಟು:

"ಅಕ್ಕಾ, ಆವತ್ತ ನಾ ಬಂದಿದ್ದೆ. ನೀ ಮಲಗಿದ್ದಿ. ಕೂಸಿನ್ನ ನಾನ ಬಿಚ್ಚಿ ಒಯ್ದೆ, ನಾನ ಕಳಕೊಂಡೆ. ನೀ ಕೇಳಿದಾಗ ಸುಳ್ಳ ಹೇಳಿದೆ. ನಿನ್ನ ಕೈ ಎಂದೂ ತಪ್ಪಿದ್ದಿಲ್ಲ. ನಂದು ತಪ್ಪಾತು ಅಕ್ಕಾ. ನಂದು ತಪ್ಪಾತು."