ಗೋಗಾಬಾಬಾ ಟೇಕಡಿಯ ಜೋಕಿನ ತಿರುವು

೨೦೨೧ರ ಏಪ್ರಿಲ್ ತಿಂಗಳು, ಕೊರೊನಾದ ಎರಡನೆಯ ಅಲೆ. ಆಗಿನ್ನೂ ಔರಂಗಾಬಾದ್ ಎಂದು ಕರೆಯುತ್ತಿದ್ದ ಈಗಿನ ಛತ್ರಪತಿ ಸಂಭಾಜಿನಗರದ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ನಾನು ಸೀನಿಯರ್ ಫಿಸಿಯೋಥೆರಪಿಸ್ಟ್ ಆಗಿದ್ದೆ. ಅದಕ್ಕೆ ಮೊದಲು ಅದೇ ಟ್ರಸ್ಟಿನ ನಾಸಿಕದ ಆಸ್ಪತ್ರೆಯಲ್ಲಿ ಕೆಲವು ವರ್ಷ ಇದ್ದೆ. ಹುಟ್ಟೂರು ಇಳಕಲ್. ಅಪ್ಪ ಅಲ್ಲಿಯ ಗ್ರಾನೈಟ್ ಕ್ವಾರಿಯಲ್ಲಿ ಕಲ್ಲು ಕೊರೆಯುತ್ತಿದ್ದ. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆ ಡಿಗ್ರಿಗಾಗಿ ಅವ್ವ ಎಷ್ಟು ಕವುದಿ ಹೊಲಿದಳು ಎಂಬುದು ನನಗೆ ಗೊತ್ತು.

ಕೋವಿಡ್ ವಾರ್ಡಿನಲ್ಲಿ ಫಿಸಿಯೋಥೆರಪಿಸ್ಟಿಗೆ ಏನು ಕೆಲಸ ಎಂದು ಜನ ಈಗಲೂ ಕೇಳುತ್ತಾರೆ. ರೋಗಿಗಳನ್ನು ಬೋರಲು ಮಲಗಿಸುವುದು ನಮ್ಮ ಕೆಲಸ. ಹಾಗೆ ಮಲಗಿದರೆ ಪುಪ್ಪುಸದ ಹಿಂಭಾಗಕ್ಕೂ ಗಾಳಿ ಹೋಗುತ್ತದೆ. ಉಸಿರಾಟದ ವ್ಯಾಯಾಮ ಹೇಳಿಕೊಡುವುದು ನಮ್ಮ ಕೆಲಸ. ಎಲ್ಲಕ್ಕಿಂತ ಮುಖ್ಯವಾದದ್ದು ಆರು ನಿಮಿಷದ ನಡಿಗೆ ಪರೀಕ್ಷೆ. ಮನೆಗೆ ಕಳಿಸುವ ಮೊದಲು ರೋಗಿಯ ಆಕ್ಸಿಜನ್ ತೆಗೆದು, ಬೆರಳಿಗೆ ಆಕ್ಸಿಮೀಟರ್ ಹಾಕಿ, ಕಾರಿಡಾರಿನಲ್ಲಿ ಆರು ನಿಮಿಷ ನಡೆಸಬೇಕು. ರಕ್ತದಲ್ಲಿರುವ ಆಮ್ಲಜನಕದ ಪ್ರಮಾಣ, ಅಂದರೆ ಸ್ಯಾಚುರೇಶನ್, ನಡೆದ ಮೇಲೂ ತೊಂಬತ್ನಾಲ್ಕರ ಹತ್ತಿರ ನಿಂತರೆ ಪಾಸ್, ಕುಸಿದರೆ ಫೇಲ್. ಕೂತಾಗ ಚೆನ್ನಾಗಿ ಕಾಣುವ ಮನುಷ್ಯ ಶೌಚಾಲಯದವರೆಗೆ ಹೋಗಿ ಬರುವಷ್ಟರಲ್ಲಿ ಬಿದ್ದು ಸಾಯುವ ಕಾಯಿಲೆ ಅದು. ಆದ್ದರಿಂದಲೇ ಈ ಪರೀಕ್ಷೆ. ಪಾಸಾದವರ ಹಾಳೆಗೆ ನನ್ನ ಸಹಿ ಬಿದ್ದರೆ ಡಾಕ್ಟರು ಡಿಸ್ಚಾರ್ಜ್ ಬರೆಯುತ್ತಿದ್ದರು, ಒಂದು ಹಾಸಿಗೆ ಖಾಲಿಯಾಗುತ್ತಿತ್ತು. ಗೇಟಿನ ಹೊರಗೆ ಆಟೋಗಳಲ್ಲಿ, ಕಾರುಗಳಲ್ಲಿ, ಫುಟ್‌ಪಾತಿನ ಮೇಲೆ ಜನ ಆ ಹಾಸಿಗೆಗಾಗಿ ಕಾಯುತ್ತಿದ್ದರು.

ಡ್ಯೂಟಿ ಇಲ್ಲದ ಬೆಳಗುಗಳಲ್ಲಿ ನಾನು ಗೋಗಾಬಾಬಾ ಟೇಕಡಿ ಹತ್ತುತ್ತಿದ್ದೆ. ಊರ ಅಂಚಿನ ಬೋಳು ಗುಡ್ಡ ಅದು. ನಾಸಿಕದಲ್ಲಿದ್ದಾಗ ಪಾಂಡವಲೇಣಿ ಗುಡ್ಡ ಹತ್ತಿ ಅಭ್ಯಾಸವಾಗಿತ್ತು, ಇಲ್ಲಿಗೂ ಆ ಚಟ ಬಂತು. ಕರಿಕಲ್ಲು, ಒಣಹುಲ್ಲು, ಅಲ್ಲಲ್ಲಿ ಬೇವು. ಟಿಟ್ಟಿಭ ಹಕ್ಕಿ ಯಾರನ್ನೋ ಬೈಯುವಂತೆ ಕೂಗುತ್ತಾ ಮೇಲೆ ಸುತ್ತುತ್ತಿತ್ತು. ತುದಿಯಲ್ಲಿ ನಿಂತರೆ ಒಂದು ಕಡೆ ಮಕಬರಾ ಎಂಬ ಹಳೆಯ ಗೋರಿಯ ಬಿಳಿ ಗುಮ್ಮಟ, ಇನ್ನೊಂದು ಕಡೆ ದೂರದಲ್ಲಿ ದೌಲತಾಬಾದ್ ಕೋಟೆ. ಪಿಪಿಇ ಕಿಟ್ಟಿನೊಳಗೆ ಬೆಂದ ಮೈಗೆ ಆ ಗಾಳಿಯೇ ಔಷಧಿ. ಅಲ್ಲಿ ಯಾವ ಮಷೀನಿನ ಸದ್ದೂ ಇರುತ್ತಿರಲಿಲ್ಲ. ಪೊಲೀಸರು ಕೆಲವು ದಿನ ತಡೆಯುತ್ತಿದ್ದರು. ಆಸ್ಪತ್ರೆಯ ಗುರುತಿನ ಚೀಟಿ ತೋರಿಸಿದರೆ, "ಜಾ ತಾಯಿ, ಲೌಕರ್ ಯೇ" ಅನ್ನುತ್ತಿದ್ದರು. ಹೋಗಮ್ಮಾ, ಬೇಗ ಬಾ ಎಂದು.

ಆ ಗುಡ್ಡದ ವಾಕಿಂಗ್ ಜನರಲ್ಲಿ ಒಂದು ರೂಢಿಯಿದೆ. ಒಬ್ಬೊಬ್ಬರೂ ಒಂದೊಂದು ಗಿಡ ನೆಟ್ಟು ಅದನ್ನು ತಮ್ಮದೆಂದು ನೋಡಿಕೊಳ್ಳುತ್ತಾರೆ. ಬರುವಾಗ ಬಾಟಲಿಯಲ್ಲಿ ನೀರು ಹೊತ್ತು ತಂದು ಅದರ ಬುಡಕ್ಕೆ ಹಾಕುತ್ತಾರೆ. ಬುಡ ಒದ್ದೆಯಾಗಿದ್ದರೆ ಗಿಡದ ಯಜಮಾನ ಬಂದುಹೋದ ಎಂದು ಲೆಕ್ಕ. ಆ ಏಪ್ರಿಲಿನಲ್ಲಿ ಯಾರೂ ಯಾರನ್ನೂ "ಅವರೆಲ್ಲಿ, ಕಾಣಲಿಲ್ಲ?" ಎಂದು ಕೇಳುತ್ತಿರಲಿಲ್ಲ. ಒಣಗಿದ ಬುಡ ನೋಡಿ, ತಮ್ಮ ಬಾಟಲಿಯಿಂದ ಒಂದಿಷ್ಟು ಸುರಿದು ಸುಮ್ಮನೆ ಮುಂದೆ ಹೋಗುತ್ತಿದ್ದರು.

ಈ ಗುಂಪಿನ ಮುಂದಾಳು ಭುಜಂಗಣ್ಣ. ಕುಂದಾಪುರದ ಕಡೆಯವರು. ಹುಡುಗನಾಗಿದ್ದಾಗ ಬಂದು ಲೋಟ ತೊಳೆದು, ಮುಂದೆ ಇಲ್ಲಿಯೇ ಸ್ವಂತ ವೆಜ್ ಹೋಟೆಲು ಮಾಡಿದವರು. ನಾನು ಫೋನಿನಲ್ಲಿ ಅವ್ವನ ಜೊತೆ ಮಾತಾಡುವುದು ಕೇಳಿ, "ಓಹೋ, ನಮ್ಮ ಭಾಷೆ! ಯಾವ ಊರು ಮಾರಾಯ್ರೆ?" ಎಂದು ಮೊದಲ ದಿನವೇ ಗಂಟುಬಿದ್ದರು. ಅಂದಿನಿಂದ ಅವರಿಗೆ ನಾನು 'ಇಳಕಲ್ ಮೇಡಂ'. ಅವರ ಜೋಡಿ ಕದಂ ಗುರುಜಿ, ನಿವೃತ್ತ ಮರಾಠಿ ಶಾಲಾ ಮಾಸ್ತರು. ಭುಜಂಗಣ್ಣನ ಹೋಟೆಲಿನಲ್ಲಿ ಇಪ್ಪತ್ತು ವರ್ಷ ದಿನಾ ಚಹಾ ಕುಡಿದು ಸ್ನೇಹವಾದವರು. ಇಬ್ಬರ ಬೇವಿನ ಗಿಡಗಳೂ ಅಕ್ಕಪಕ್ಕದಲ್ಲಿದ್ದವು.

ದಾರಿಯ ಅರ್ಧದಲ್ಲಿ ಒಂದು ಕಡಿದಾದ ತಿರುವಿದೆ. ಅಲ್ಲಿಗೆ ಬಂದೊಡನೆ ಭುಜಂಗಣ್ಣ ನಿಂತು ಮರಾಠಿಯಲ್ಲಿ ಒಂದು ಜೋಕು ಹೇಳುತ್ತಿದ್ದರು. ನನ್ನ ಕಡೆ ತಿರುಗಿ ಅದನ್ನೇ ಕನ್ನಡದಲ್ಲಿ ಮತ್ತೆ ಹೇಳುತ್ತಿದ್ದರು. ಗುಂಪೆಲ್ಲ ನಿಂತು ನಗುತ್ತಿತ್ತು. ಕೆಲವು ದಿನ ನಾನೂ ನಕ್ಕೆ. ಆಮೇಲೆ ನನ್ನ ಕಣ್ಣು ತನ್ನ ಕೆಲಸ ಮಾಡಿತು. ಗುರುಜಿಗೆ ಆ ಏರಿನಲ್ಲಿ ಉಸಿರು ಸಾಲುತ್ತಿರಲಿಲ್ಲ. ನಿಲ್ಲೋಣ ಎನ್ನಲು ಮಾಸ್ತರಿಗೆ ನಾಚಿಕೆ. ಅವರ ಹೆಗಲ ಏರಿಳಿತ ತಣ್ಣಗಾಗುವವರೆಗೆ ಭುಜಂಗಣ್ಣನ ಜೋಕು ಮುಗಿಯುತ್ತಿರಲಿಲ್ಲ.

ನನ್ನ ಅಪ್ಪನೂ ಹೀಗೆಯೇ. ಕಲ್ಲಿನ ಧೂಳು ಎದೆಗಿಳಿದ ಮೇಲೆ, ದಾರಿಯಲ್ಲಿ ದಮ್ಮು ಬಂದಾಗಲೆಲ್ಲ ಬಗ್ಗಿ ಚಪ್ಪಲಿಯ ಹೆಬ್ಬೆರಳ ಉಂಗುಷ್ಠ ಸರಿಮಾಡುತ್ತಿದ್ದ. ಚಪ್ಪಲಿ ನೆಟ್ಟಗೇ ಇರುತ್ತಿತ್ತು. ಉಸಿರು ಮುಚ್ಚಿಡುವವರನ್ನು ನಾನು ಕಾಲೇಜಿಗೆ ಹೋಗುವ ಮೊದಲೇ ನೋಡಿದ್ದೆ. ಹಾಗಾಗಿ ಗುರುಜಿಯ ವಿಷಯ ನಾನು ಬಾಯಿ ಬಿಡಲಿಲ್ಲ.

ಏಪ್ರಿಲಿನ ನಡುವೆ ಭುಜಂಗಣ್ಣ ನಮ್ಮ ವಾರ್ಡಿಗೆ ಬಂದರು. ಸ್ಟ್ರೆಚರಿನ ಮೇಲೆ ಮಲಗಿಯೂ, "ಗುಡ್ಡ ಹತ್ತುವವನಿಗೆ ಕೊರೊನಾ ಎಂತ ಮಾಡ್ತದೆ, ಇಳಕಲ್ ಮೇಡಂ?" ಅಂದರು. ಏನು ಮಾಡುತ್ತದೆ ಎಂಬುದನ್ನು ಅದು ನಾಲ್ಕಾರು ದಿನ ತೋರಿಸಿತು. ಬೋರಲು ಮಲಗಿದಾಗ ಅವರ ಕಣ್ಣಲ್ಲಿ ನೀರು ಬರುತ್ತಿತ್ತು. ನಾನು ಹಾಸಿಗೆಯ ಪಕ್ಕ ನಿಂತು ಗುಡ್ಡದ ದಾರಿ ಹೇಳುತ್ತಿದ್ದೆ. "ಈಗ ಗೇಟ್ ದಾಟಿದ್ವಿ. ಬೇವಿನ ಸಾಲು ಬಂತು. ಉಸುರು ಒಳಗ ತಗೋರಿ. ಟಿಟ್ಟಿಭ ಒದರಾಕತ್ತದ. ಬಿಡ್ರಿ ಉಸುರು." ಗಡಿಯಾರ ನೋಡು ಎಂದರೆ ಚಡಪಡಿಸುವ ಮನುಷ್ಯ, ಗುಡ್ಡ ಮುಗಿಯುವವರೆಗೆ ಅಲುಗದೆ ಮಲಗುತ್ತಿದ್ದರು. ಆಮೇಲೆ ಈ ಉಪಾಯವನ್ನು ಬೇರೆ ರೋಗಿಗಳಿಗೂ ಮಾಡಿದೆ. ಒಬ್ಬ ಮುದುಕಿಗೆ ಖುಲ್ತಾಬಾದಿನ ದರ್ಗಾದ ಹಾದಿ, ಒಬ್ಬ ಹಮಾಲನಿಗೆ ಅವನ ಹೊಲದ ಬದು. ಎಲ್ಲರೂ ಉಳಿಯಲಿಲ್ಲ. ಹಮಾಲ ಬದುವಿನ ಅರ್ಧದಲ್ಲೇ ಹೋದ.

ಭುಜಂಗಣ್ಣ ಚೇತರಿಸಿಕೊಳ್ಳತೊಡಗಿದರು. ಒಂದು ಮಧ್ಯಾಹ್ನ ಡ್ಯೂಟಿ ಡಾಕ್ಟರು ನನ್ನನ್ನು ಕರೆದು, "ಕೂತಾಗ ತೊಂಬತ್ತಾರು ಇದೆ. ವಾಕ್ ಟೆಸ್ಟ್ ಮಾಡಿ, ಆದರೆ ಇವತ್ತೇ ಬಿಡೋಣ. ಹೊರಗೆ ಪರಿಸ್ಥಿತಿ ನೀವೇ ನೋಡಿದೀರಿ" ಅಂದರು. ಎರಡು ರಾತ್ರಿ ನಿದ್ದೆಯಿಲ್ಲದ ಹುಡುಗ ಆತ. ಅವನದೇನೂ ತಪ್ಪಿಲ್ಲ.

ಭುಜಂಗಣ್ಣ ಆಗಲೇ ಲುಂಗಿ ಬಿಗಿದು ತಯಾರಾಗಿದ್ದರು. ಹೊರಟರು. ಕಾರಿಡಾರಿನ ತುದಿ ಮುಟ್ಟಿದಾಗ ಗಕ್ಕನೆ ನಿಂತು ನನ್ನ ಕಡೆ ತಿರುಗಿದರು.

"ಒಬ್ಬ ಗಿರಾಕಿ ನಮ್ಮ ಹೋಟೆಲಿಗೆ ಬಂದು 'ಇಡ್ಲಿ ಬಿಸಿ ಉಂಟಾ?' ಕೇಳಿದ ಮೇಡಂ. ವೇಟರು 'ಮುಟ್ಟಿ ನೋಡಿ ಸಾರ್' ಅಂದ. ಅವ ಮುಟ್ಟಿದ. 'ತಣ್ಣಗುಂಟಲ್ಲ ಮಾರಾಯ!' 'ಇರ್ಬಹುದು ಸಾರ್. ಆದ್ರೆ ಮುಟ್ಟಿದ ಮೇಲೆ ಅದು ನಿಮ್ದೇ. ಬಿಲ್ ತರ್ಲಾ?'"

ನಾನು ಮಾಸ್ಕಿನೊಳಗೆ ನಕ್ಕೆ. ಎಷ್ಟೋ ದಿನದ ಮೇಲೆ ಬಂದ ನಗು. ಮತ್ತೆ ನಡೆದರು. ಇನ್ನೊಂದು ತುದಿಯಲ್ಲಿ ಮತ್ತೆ ನಿಂತು ಇನ್ನೊಂದು ಜೋಕು ಶುರು ಮಾಡಿದರು. ಆಕ್ಸಿಮೀಟರಿನಲ್ಲಿ ತೊಂಬತ್ನಾಲ್ಕು ತೋರಿಸುತ್ತಿತ್ತು. ಡಾಕ್ಟರು ದೂರದಿಂದ ಹೆಬ್ಬೆರಳೆತ್ತಿದರು. ಮೂರನೆಯ ಸಲ ಅವರು ತುದಿಗೆ ಹೋಗಿ ನಿಂತು ಬಾಯಿ ತೆರೆದಾಗ ನನಗೆ ಗೊತ್ತಾಯಿತು. ಇದು ಆ ತಿರುವು. ಈ ಸಲ ಜೋಕು ಗುರುಜಿಗಾಗಿ ಅಲ್ಲ, ತಮಗಾಗಿ.

"ಭುಜಂಗಣ್ಣ, ಮತ್ತೊಮ್ಮೆ ಮೊದಲಿಂದ ನಡೀರಿ. ನಿಲ್ಲಬ್ಯಾಡ್ರಿ. ಮಾತಾಡಬ್ಯಾಡ್ರಿ."

"ಪಾಸಾಯ್ತಲ್ಲ ಮಾರಾಯ್ರೆ!"

"ಇಲ್ಲ, ಆಗಿಲ್ಲ. ನಡೀರಿ."

ಸ್ವಲ್ಪ ಹೊತ್ತು ಕೂರಿಸಿ ಮತ್ತೆ ನಡೆಸಿದೆ. ಅರ್ಧ ಸಮಯವೂ ಮುಗಿಯಲಿಲ್ಲ. ಅಂಕಿ ತೊಂಬತ್ತಕ್ಕೆ ಇಳಿಯಿತು, ಎಂಬತ್ತೇಳಾಯಿತು, ತುಟಿ ಕಪ್ಪಿಟ್ಟಿತು. ಹಿಡಿದು ಹಾಸಿಗೆಗೆ ತಂದು ಆಕ್ಸಿಜನ್ ಹಾಕಿದೆ. ಮಾತು ಬಂದಾಗ ಅವರು ನನ್ನ ಗ್ಲೌಸಿನ ಕೈ ಹಿಡಿದುಕೊಂಡು ಹೇಳಿದರು:

"ಕದಂ ಗುರುಜಿ ಗೇಟಿನ ಹತ್ರ ರಿಕ್ಷಾದಲ್ಲಿದ್ದಾನೆ. ಬೆಳಿಗ್ಗೆಯಿಂದ ಇದ್ದಾನೆ. ಅವನ ಮಗಳು ಫೋನ್ ಮಾಡಿದ್ಲು. ನೀವು ಸಹಿ ಹಾಕಿ ಸಾಕು. ನಾನು ಹೋಗ್ತೇನೆ, ಅವನು ಬರ್ಲಿ."

"ನೀವು ಮನಿ ಮುಟ್ಟೂದಿಲ್ಲರಿ."

"ಅದು ನನ್ನ ಉಸಿರು, ನಿಮಗೆಂತ?"

"ಈ ಹಾಸಿಗಿ ಖಾಲಿಯಾದ್ರ ಗುರುಜಿಗೇ ಸಿಗ್ತದಂತ ಯಾರು ಹೇಳಿದ್ರು? ಅವರ ಮುಂದ ಎಷ್ಟು ಮಂದಿ ಅದಾರ ಗೊತ್ತೇನು? ಇಬ್ಬರೂ ಹೋಗ್ತೀರಿ."

"ನೀವು ಹಾಕಿ ಮೇಡಂ. ಕೈ ಮುಗೀತೇನೆ."

ನಾನು ಸಹಿ ಹಾಕಲಿಲ್ಲ. ಫೇಲ್ ಎಂದು ಡಾಕ್ಟರಿಗೆ ತಿಳಿಸಿದೆ. ಅವರು ಹಣೆ ಒತ್ತಿಕೊಂಡು, "ಹಾಗೇ ಬರೆಯಿರಿ. ನೆಕ್ಸ್ಟ್ ಪೇಶಂಟ್" ಎಂದಷ್ಟೇ ಅಂದರು.

ಕಿಟ್ ಬಿಚ್ಚಿ ಗೇಟಿಗೆ ಹೋದೆ. ಗುರುಜಿ ರಿಕ್ಷಾದಲ್ಲಿ ಮಗಳ ಹೆಗಲಿಗೆ ಒರಗಿದ್ದರು. ನನ್ನ ಗುರುತು ಹಿಡಿದು, "ಕಾಯ್ ಮ್ಯಾಡಮ್, ಝಾಡಾಲಾ ಪಾಣಿ?" ಎಂದರು. ಏನ್ ಮ್ಯಾಡಮ್, ಗಿಡಕ್ಕೆ ನೀರು? ಹಾಕಿದ್ದೇನೆ ಎಂದೆ. ಆ ಬೆಳಿಗ್ಗೆ ನಿಜವಾಗಿಯೂ ಹಾಕಿ ಬಂದಿದ್ದೆ. ನಮ್ಮಲ್ಲಿ ಹಾಸಿಗೆ ಇರಲಿಲ್ಲ, ಊರಲ್ಲಿ ಎಲ್ಲೂ ಇರಲಿಲ್ಲ. ನಾಸಿಕದ ಹಳೆಯ ಸಹೋದ್ಯೋಗಿಗಳಿಗೆ ಒಬ್ಬರಾದ ಮೇಲೊಬ್ಬರಿಗೆ ಫೋನ್ ಮಾಡಿದೆ. ಸಂಜೆಯ ಹೊತ್ತಿಗೆ ಒಬ್ಬಳು, "ಒಂದು ಹಾಸಿಗೆ ಇದೆ, ಹಿಡಿದಿಟ್ಟಿರುತ್ತೇನೆ, ತಡಮಾಡಬೇಡ" ಅಂದಳು. ಆಂಬುಲೆನ್ಸ್ ಸಿಕ್ಕಿತು. ಗುರುಜಿಯನ್ನು ಮಲಗಿಸುವಾಗ ಅವರ ಹೆಗಲು ನೋಡಿದೆ. ಆ ಹೆಗಲಿಗೆ ಸಾಲುವಷ್ಟು ಉದ್ದದ ಜೋಕು ಯಾವುದೂ ಇರಲಿಲ್ಲ. ಆದರೂ ಕಳಿಸಿದೆ. ಬೇರೆ ದಾರಿ ಇರಲಿಲ್ಲ.

ಯೇವಲಾ ದಾಟಿ ಲಾಸಲಗಾಂವಿಗೆ ರಸ್ತೆ ಒಡೆಯುವ ಫಾಟಾ ಬಳಿ, ಈರುಳ್ಳಿ ಹೇರಿದ ಟ್ರ್ಯಾಕ್ಟರುಗಳು ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದಾಗ, ಗುರುಜಿಯ ಉಸಿರು ನಿಂತಿತು. ಮಗಳು ಫೋನಿನಲ್ಲಿ ಅಳಲಿಲ್ಲ. "ಗಾಡಿ ತಿರುಗಿಸಲೋ, ಮುಂದೆ ಹೋಗಲೋ?" ಎಂದು ಕೇಳಿದಳು.

ಮರುದಿನ ಭುಜಂಗಣ್ಣನಿಗೆ ನಾನೇ ಹೇಳಿದೆ. ಬೇರೆಯವರ ಬಾಯಿಂದ ತಿಳಿಯುವುದು ಬೇಡವೆನಿಸಿತು. ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ಅಲ್ಲಿಂದ ಮುಂದೆ ನಾನು ಆಕ್ಸಿಮೀಟರ್ ಹಿಡಿದು ಹೋದರೆ ಕೈ ಹೊದಿಕೆಯೊಳಗೆ ಹೋಗುತ್ತಿತ್ತು. ನರ್ಸುಗಳಿಗೆ ಬೆರಳು ಕೊಡುತ್ತಿದ್ದರು, ನನಗಿಲ್ಲ. ಮೇ ತಿಂಗಳಲ್ಲಿ ಅವರ ನಡಿಗೆ ಪರೀಕ್ಷೆಯನ್ನು ನನ್ನ ಜೂನಿಯರ್ ಮಾಡಿದಳು. ನಿಲ್ಲದೆ, ಮಾತಾಡದೆ ನಡೆದು ಪಾಸಾದರು. ಗೇಟಿನಲ್ಲಿ ಅವರ ಹೆಂಡತಿ ನನಗೆ ಕೈ ಮುಗಿದರು. ಭುಜಂಗಣ್ಣ ಕಾರಿನ ಕಿಟಕಿಯಾಚೆ ನೋಡುತ್ತಿದ್ದರು.

ಎಷ್ಟೋ ದಿನ ನಾನು ಗುಡ್ಡಕ್ಕೆ ಹೋಗಲಿಲ್ಲ. ನನಗಿದ್ದ ಒಂದೇ ಸಮಾಧಾನದ ಜಾಗದಲ್ಲಿ ಈಗ ಒಂದು ಒಣಗಿದ ಬುಡ ಕಾಯುತ್ತಿರುತ್ತದೆ ಎಂದು ಗೊತ್ತಿತ್ತು. ಅಲೆ ಇಳಿಯಿತು. ವಾರ್ಡಿನ ಒಂದು ಭಾಗ ಖಾಲಿಯಾಯಿತು. ಆ ಖಾಲಿ ಹಾಸಿಗೆಗಳನ್ನು ನೋಡಿ ಸಿಟ್ಟು ಬಂತು. ಮೊದಲ ಮಳೆ ಇನ್ನೂ ಬಿದ್ದಿರಲಿಲ್ಲ. ಒಂದು ಬೆಳಿಗ್ಗೆ ದೊಡ್ಡ ಬಾಟಲಿ ತುಂಬಿಕೊಂಡು ಹೊರಟೆ.

ಗುರುಜಿಯ ಬೇವಿನ ಬುಡ ಒದ್ದೆಯಾಗಿತ್ತು. ನೀರು ಇನ್ನೂ ಇಂಗಿರಲಿಲ್ಲ. ಪಕ್ಕದ ಬೇವಿಗೂ ಹಾಕಲಾಗಿತ್ತು. ತಲೆಯೆತ್ತಿ ನೋಡಿದರೆ ಮೇಲೆ ತಿರುವಿನಲ್ಲಿ ಒಬ್ಬ ಮನುಷ್ಯ ಮೊಣಕಾಲಿಗೆ ಕೈಯೂರಿ ಬಗ್ಗಿ ನಿಂತಿದ್ದ. ನಾನು ಹತ್ತಿ ಹೋದೆ. ಭುಜಂಗಣ್ಣನ ಮೈ ಅರ್ಧಕ್ಕರ್ಧ ಇಳಿದಿತ್ತು.

"ಜೋಕ್ ಇಲ್ಲ ಮೇಡಂ," ಅಂದರು. "ದಮ್ಮು ಕಟ್ಟಿದೆ. ಅದಕ್ಕೆ ನಿಂತದ್ದು."

"ನಿಲ್ರಿ. ಅವಸರೇನದ."

"ನೀವು ನನ್ನನ್ನು ಉಳಿಸಿದ್ರಿ ಅಂತ ಮನೆಯವರೆಲ್ಲ ಹೇಳ್ತಾರೆ. ನಾನು ಹೇಳುದಿಲ್ಲ."

"ಹೇಳಬ್ಯಾಡ್ರಿ."

ಅವರು ತೋರುಬೆರಳನ್ನು ನನ್ನ ಮುಂದೆ ಚಾಚಿದರು. ಮಷೀನ್ ತಂದಿಲ್ಲ ಎಂದೆ. "ಹಾಗಾದ್ರೆ ನೋಡಿಯೇ ಹೇಳಿ." ನಾನು ಅವರ ಹೆಗಲು ನೋಡಿದೆ. "ಇನ್ನೊಂದಿಷ್ಟು ನಿಲ್ಲೂಣು," ಎಂದೆ.

ನಿಮ್ಮ ಕೆಲಸ ನಿಮಗೇನು ಕಲಿಸಿತು ಎಂದು ಹೊಸ ವಿದ್ಯಾರ್ಥಿಗಳು ಕೇಳುತ್ತಾರೆ. ಅಂದು ನಾನು ಮಾಡಿದ್ದು ಸರಿ ಎಂದು ಈಗಲೂ ನಂಬುತ್ತೇನೆ. ಸರಿಯಾದದ್ದನ್ನು ಮಾಡಿದರೆ ಎದೆ ಹಗುರಾಗುತ್ತದೆ ಎಂದು ಮಾತ್ರ ಅವರಿಗೆ ಹೇಳುವುದಿಲ್ಲ. ಅಂಕಿಗಳ ಜೊತೆ ಮನುಷ್ಯ ಎಲ್ಲಿ ನಿಲ್ಲುತ್ತಾನೆ, ಏನು ನೆಪ ಹೇಳಿ ನಿಲ್ಲುತ್ತಾನೆ ಎಂಬುದನ್ನೂ ನೋಡಿ ಎನ್ನುತ್ತೇನೆ. ಉಸಿರು ಕಟ್ಟಿದವನು ಅದನ್ನು ನಾಚಿಕೆಯಿಂದ ಮುಚ್ಚಿಡುತ್ತಾನೆ, ಕೆಲವು ಸಲ ಇನ್ನೊಬ್ಬನಿಗಾಗಿ ಮುಚ್ಚಿಡುತ್ತಾನೆ. ಗುಡ್ಡಕ್ಕೆ ಈಗಲೂ ಹೋಗುತ್ತೇನೆ. ಹೊಸ ಹೊಸ ಜನ ಬಂದಿದ್ದಾರೆ. ಅವರಲ್ಲಿ ಯಾರಿಗೆ ಪುಪ್ಪುಸ ಪೂರ್ತಿ ಉಳಿದಿಲ್ಲ ಎಂಬುದು ನನಗೆ ಹಿಂದಿನಿಂದಲೇ ತಿಳಿಯುತ್ತದೆ. ನನಗೆ ಜೋಕು ಹೇಳಲು ಬರುವುದಿಲ್ಲ. ಆದ್ದರಿಂದ ಆ ತಿರುವಿನಲ್ಲಿ ದಮ್ಮು ಬಂದರೂ ಬರದಿದ್ದರೂ ಎಲ್ಲರಿಗಿಂತ ಮೊದಲು ನಾನೇ ನಿಲ್ಲುತ್ತೇನೆ.